ಗುರುತಿನ ದಾರ

ಅಕ್ಕ ಮಾತು ಕೊಟ್ಟಾಗ ಅವಳ ಫ್ರಾಕಿನ ಬೆಲ್ಟು ಒಂದು ಕಡೆ ಕಿತ್ತು ನೇತಾಡುತ್ತಿತ್ತು. ತಮ್ಮ ಅದನ್ನೇ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ. ಹುಟ್ಟಿದಾಗಿನಿಂದ ಅವನ ಕೈಕಾಲು ಅವನ ಮಾತು ಕೇಳುತ್ತಿರಲಿಲ್ಲ, ನಾಲಗೆಯೂ ಅಷ್ಟಕ್ಕಷ್ಟೇ. ಆದರೆ ಒಮ್ಮೆ ಬೆರಳು ಮಡಿಚಿತೆಂದರೆ ಬೀಗ ಬಿದ್ದ ಹಾಗೆ. ಅಂಗವಿಕಲರ ಕೇಂದ್ರದ ಗೇಟಿನ ಹತ್ತಿರ ಅಮ್ಮ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು, ಬಿಡಿಸುತ್ತಲೇ ಮುಖವನ್ನು ಅತ್ತ ತಿರುಗಿಸಿಕೊಂಡಿದ್ದಳು. ಇದು ಸ್ಕೂಲು ಎಂದು ಹೇಳಿ ಅವನನ್ನು ಕರೆತಂದಿದ್ದರು. ಡಾಕ್ಟರು ಹೇಳಿದ್ದಿಷ್ಟು: ಇಂಥ ಮಕ್ಕಳಿಗೆಂದೇ ಇರುವ ಜಾಗ ಅದು, ಅಲ್ಲಿ ಎಲ್ಲ ಅನುಕೂಲ ಇದೆ, ನಿಮಗೆ ಇನ್ನೊಂದು ಮಗು ಇದೆಯಲ್ಲ, ಅದರ ಕಡೆ ನೋಡಿ.

ಆ ಇನ್ನೊಂದು ಮಗು ಬಗ್ಗಿ ತಮ್ಮನ ಕಿವಿಯಲ್ಲಿ ಹೇಳಿತು: "ಅಳಬೇಡ ಪುಟ್ಟಾ. ನಾನು ದೊಡ್ಡವಳಾದ ಮೇಲೆ ಬಂದು ಕರ್ಕೊಂಡು ಹೋಗ್ತೀನಿ. ಆಮೇಲೆ ಸಾಯೋವರೆಗೂ ನಾವಿಬ್ಬರೂ ಒಂದೇ ಮನೇಲಿ ಇರೋಣ."

ದೊಡ್ಡವಳಾಗುವುದಕ್ಕೆ ಅವಳು ತಡಮಾಡಲಿಲ್ಲ. ಅಪ್ಪ ಇಲ್ಲದ ಮನೆ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯಲ್ಲಿ ಅಮ್ಮನ ಜೊತೆ ಮೇಜಿನ ಮುಂದೆ ನಿಂತಾಗಲೇ ದೊಡ್ಡವಳಾಗಿಬಿಟ್ಟಳು. ತಡವಾದದ್ದು ಉಳಿದದ್ದೆಲ್ಲ. ಕರೆದೊಯ್ಯುತ್ತೇನೆ ಅಂದಾಗೆಲ್ಲ ಕೇಂದ್ರದವರು ಕೇಳುತ್ತಿದ್ದ ಪ್ರಶ್ನೆಗಳಿಗೆ ಅವಳ ಹತ್ತಿರ ಯಾವತ್ತೂ ಸರಿಯಾದ ಉತ್ತರ ಇರುತ್ತಿರಲಿಲ್ಲ. ಮನೆಯಲ್ಲಿ ಮೆಟ್ಟಿಲಿದೆಯಾ, ಹಗಲು ಯಾರು ನೋಡಿಕೊಳ್ಳುತ್ತಾರೆ, ನಾಳೆ ನಿನಗೆ ಮದುವೆಯಾದರೆ ಆ ಮನೆಯವರು ಏನಂತಾರೆ. ಮದುವೆಯಾಯಿತು. ಬಸ್ ಓಡಿಸುವ ಗಂಡ ಏನೂ ಅನ್ನಲಿಲ್ಲ. ಆದರೆ ಅಮ್ಮ ಹಾಸಿಗೆ ಹಿಡಿದಳು, ಅಮ್ಮ ಹೋದ ಮೇಲೆ ಅಂಗಡಿ ಒಬ್ಬಳ ತಲೆಗೆ ಬಂತು. ತಿಂಗಳಿಗೊಂದು ಭಾನುವಾರ ಹೋಗಿ, ಪ್ಲಾಸ್ಟಿಕ್ ಹೂವಿಟ್ಟ ಭೇಟಿ ಕೋಣೆಯಲ್ಲಿ ಕೂತು, ಇಸ್ತ್ರಿ ಮಾಡಿದ ಅಂಗಿ ಒಂದು ಕೊಟ್ಟು ಬರುವುದು. ಹೊರಡುವಾಗ ಪ್ರತಿ ಸಲವೂ ಅವಳು ಅದೇ ಮಾತು ಹೇಳುತ್ತಿದ್ದಳು. ತಮ್ಮ ತಲೆಯಾಡಿಸುತ್ತಿದ್ದ. ಹೀಗೆ ತಲೆಯಾಡಿಸುತ್ತಾ ಆಡಿಸುತ್ತಾ ಅವನ ಗಡ್ಡದಲ್ಲಿ ಬಿಳಿ ಕೂದಲು ಬಂತು.

ಆಮೇಲೆ ಕಾನೂನು ಬದಲಾಯಿತು. ಊರಾಚೆ ಗೋಡೆ ಕಟ್ಟಿ ಅಂಗವಿಕಲರನ್ನು ಕೂಡಿಹಾಕುವುದು ಇನ್ನು ಸಾಕು, ಹೊರಗೆ ಬಂದು ಎಲ್ಲರ ನಡುವೆ ಬದುಕುತ್ತೇನೆ ಅನ್ನುವವರು ಬರಬಹುದು, ಅದಕ್ಕೆ ಬೇಕಾದ ನೆರವು ಕೊಡಲೇಬೇಕು ಎಂದಾಯಿತು. ಇದಕ್ಕಾಗಿ ಓಡಾಡಿದವರಲ್ಲಿ ಒಬ್ಬಳು ವಕೀಲೆ. ಎರಡು ಊರುಗೋಲಿನ ಮೇಲೆ ನಡೆಯುವ, ದನಿ ತುಸು ದೊಡ್ಡದಾದ ಹೆಂಗಸು. ಒಂದು ಭಾನುವಾರ ಅವಳು ಭೇಟಿ ಕೋಣೆಗೇ ಬಂದು, ಊರುಗೋಲನ್ನು ಸೋಫಾಕ್ಕೆ ಒರಗಿಸಿ, ತಮ್ಮನ ಎದುರಿಗೆ ಕೂತು ಕೇಳಿದಳು: "ನೀವು ಎಲ್ಲಿರೋಕೆ ಇಷ್ಟಪಡ್ತೀರಾ?"

ಅಕ್ಕ ಹಿಂದೆ ತಿರುಗಿ ನೋಡಿದಳು. ಯಾರನ್ನು 'ನೀವು' ಅಂದದ್ದು ಎಂದು ಅವಳಿಗೆ ಹೊಳೆಯಲಿಲ್ಲ. ಅಡುಗೆಯವರಿಂದ ಹಿಡಿದು ಮೇಲ್ವಿಚಾರಕರವರೆಗೆ ಎಲ್ಲರ ಬಾಯಲ್ಲೂ ಅವನು 'ನೀನು', ಅದೂ ಒಳ್ಳೆಯ ದಿನಗಳಲ್ಲಿ. ತಮ್ಮ ಬಾಯಿ ತೆರೆದ. ಅವನ ಮಾತು ಹೊರಡುವುದೆಂದರೆ ಹಳೆಯ ನಲ್ಲಿಯಲ್ಲಿ ನೀರು ಬಂದಂತೆ. ಮೊದಲು ಗಾಳಿ, ಆಮೇಲೆ ಸದ್ದು, ಎಷ್ಟೋ ಹೊತ್ತಿಗೆ ಒಂದು ಹನಿ. ಅಷ್ಟು ಹೊತ್ತು ಕಾಯುವ ಅಭ್ಯಾಸ ಅಕ್ಕನಿಗಿರಲಿಲ್ಲ.

"ನನ್ನ ಜೊತೆ," ಅಂದುಬಿಟ್ಟಳು. "ಚಿಕ್ಕೋರಿದ್ದಾಗಲೇ ಮಾತು ಕೊಟ್ಟಿದ್ದೀನಿ ಮೇಡಂ."

ತಮ್ಮ ಬಾಯಿ ಮುಚ್ಚಿಕೊಂಡ. ವಕೀಲೆ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿ, ಸರಿ, ಆದರೆ ನಾನು ಮತ್ತೆ ಬಂದು ಕೇಳುತ್ತೇನೆ ಎಂದು ಹೇಳಿ ಎದ್ದಳು.

ತಮ್ಮ ಮನೆಗೆ ಬಂದ ದಿನ ಬೀದಿಯೇ ಬಾಗಿಲಿಗೆ ಬಂದು ನಿಂತಿತ್ತು. ಭಾವ, ಅಂದರೆ ಅಕ್ಕನ ಗಂಡ, ಹಳೆಯ ಬಾಗಿಲಿನ ಹಲಗೆ ಕೊಯ್ದು ಮೆಟ್ಟಿಲ ಮೇಲೆ ಇಳಿಜಾರು ಮಾಡಿಟ್ಟಿದ್ದ. ಗಾಲಿಕುರ್ಚಿ ಹತ್ತಿಸುವಾಗ ಬಸ್ ಸ್ಟಾಪಿನಲ್ಲಿ ಕಂಡಕ್ಟರು ಕೂಗುವಂತೆ, ಒಳಗೆ ಹೋಗಿ, ಮುಂದೆ ಖಾಲಿ ಇದೆ, ಎಂದು ಕೂಗಿ ಎಲ್ಲರನ್ನೂ ನಗಿಸಿದ. ಮುಂದೆ ಅಂಗಡಿ, ಹಿಂದೆ ಒಂದು ಕೋಣೆ, ಅದರ ಹಿಂದೆ ಅಡುಗೆಮನೆ. ಕೋಣೆಯ ಕಿಟಕಿಯ ಪಕ್ಕದ ಮಂಚ ತಮ್ಮನಿಗೆ. ಹಗಲೆಲ್ಲ ಅವನು ಅಂಗಡಿಯ ಬಾಗಿಲಲ್ಲಿ ಕೂತು ಬೀದಿ ನೋಡುವುದು, ಅಕ್ಕ ಬೆನ್ನ ಹಿಂದೆ ಇಸ್ತ್ರಿ ಮಾಡುವುದು. ಬೀದಿಯವರು ಬಟ್ಟೆ ತಂದುಕೊಡುವಾಗ ಅವನನ್ನು ಮಾತಾಡಿಸಲು ಕಲಿತರು. ಕೆಲವರು ಕಿವುಡರಿಗೆ ಹೇಳುವಂತೆ ಜೋರಾಗಿ ಕೂಗುತ್ತಿದ್ದರು. ಅವನು ಕಿವಿ ಮುಚ್ಚಿಕೊಂಡವನಂತೆ ಮುಖ ಮಾಡಿ ಅವರ ಮರ್ಯಾದೆ ತೆಗೆಯುತ್ತಿದ್ದ.

ಅಕ್ಕ ಅವನನ್ನು ತಲೆಯ ಮೇಲೆ ಹೊತ್ತುಕೊಂಡಳು ಅಂದರೆ ಸುಳ್ಳಲ್ಲ. ತುತ್ತು ತಾನೇ ಕಲಸಿ ಬಾಯಿಗಿಡುವಳು. ಸ್ನಾನ ತಾನೇ ಮಾಡಿಸುವಳು. ಆಗ ನಲವತ್ತು ದಾಟಿದ ಆ ಗಂಡಸು ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದ, ಅವಳು ಸೋಪಿಗೆ ಹೆದರಿದ್ದಾನೆ ಅಂದುಕೊಂಡಿದ್ದಳು. ಬಂದವರು ಅವನನ್ನು ಏನು ಕೇಳಿದರೂ ಉತ್ತರ ಅವಳದೇ. ಇನ್ನು ಬಟ್ಟೆಯ ವಿಷಯದಲ್ಲಂತೂ ಕೇಳುವುದೇ ಬೇಡ. ಒಗೆಯುವವಳ ಮನೆಯಲ್ಲಿ ಯಾರೂ ಒಂದೇ ಅಂಗಿಯನ್ನು ಎರಡು ದಿನ ತೊಡಬಾರದು ಎಂಬುದು ಅವಳ ಹೆಮ್ಮೆ, ಅಮ್ಮನಿಂದ ಬಂದದ್ದು. ದಿನ ಬೆಳಗಾದರೆ ಗರಿಗರಿ ಮಡಿಕೆಯ ಬೇರೊಂದು ಅಂಗಿ. ಅವನದು ಸಾಲದಿದ್ದರೆ ಭಾವನದು. ಇಬ್ಬರದೂ ಒಂದೇ ಅಳತೆ.

ಆ ಅಂಗಡಿಯ ಒಂದು ಕ್ರಮವನ್ನು ಇಲ್ಲಿ ಹೇಳಬೇಕು. ಒಗೆಯಲು ಬಂದ ಪ್ರತಿ ಬಟ್ಟೆಗೂ ಕಾಲರಿನ ಒಳಗೋ ಸೊಂಟದ ಪಟ್ಟಿಯ ಒಳಗೋ ಬಣ್ಣದ ದಾರದಲ್ಲಿ ಒಂದು ಗುರುತು ಹಾಕುತ್ತಾರೆ. ಒಂದೊಂದು ಮನೆಗೆ ಒಂದೊಂದು ಗುರುತು. ಮೂಲೆಮನೆಯ ಡಾಕ್ಟರಿಗೆ ಹಸಿರು ದಾರದ ಜೋಡಿ ಹೊಲಿಗೆ, ಬೇಕರಿಯವನಿಗೆ ಕಪ್ಪು ದಾರ ಅಡ್ಡಡ್ಡ. ನೂರು ಬಿಳಿ ಅಂಗಿ ಒಟ್ಟಿಗೆ ಕುದಿಯಲಿ, ಕಾಲರು ತಿರುಗಿಸಿದರೆ ಸಾಕು, ಯಾವುದು ಯಾವ ಮನೆಗೆ ಹೋಗಬೇಕೆಂದು ಗೊತ್ತಾಗುತ್ತದೆ. ಅಕ್ಕನ ಸ್ವಂತ ಮನೆಯ ಗುರುತು ಕೆಂಪು ದಾರದ ಒಂದು ಹೊಲಿಗೆ. ತಮ್ಮ ಬಂದ ದಿನವೇ ಅವಳು ಅವನ ಬಟ್ಟೆಗಳನ್ನೆಲ್ಲ ಮಡಿಲಲ್ಲಿ ಹಾಕಿಕೊಂಡು ಕೆಂಪು ದಾರ ಪೋಣಿಸಿದ್ದಳು. ಹೊಲಿಯುತ್ತಾ ಅವಳ ಕಣ್ಣು ತುಂಬಿ ಬಂದಿತ್ತು. ಕೊನೆಗೂ ನಮ್ಮ ಮನೆಯ ಗುರುತು ಬಿತ್ತು ಅಂತ.

ಒಂದು ಸಂಜೆ ಭಾವ ತಮ್ಮನನ್ನು ಪೇಟೆಗೆ ಕರೆದುಕೊಂಡು ಹೋಗಿದ್ದ. ಬರುವಾಗ ತಮ್ಮನ ತೊಡೆಯ ಮೇಲೆ ಒಂದು ಅಂಗಿ ಇತ್ತು. ಕಣ್ಣು ಕುಕ್ಕುವ ಹಳದಿ. ತಳ್ಳುಗಾಡಿಯ ಮುಂದೆ ಅವನೇ ಕೈ ಚಾಚಿ ತೋರಿಸಿದನಂತೆ, ಬೇರೆ ಎಂಟು ತೋರಿಸಿದರೂ ಬೇಡ ಅಂದನಂತೆ.

"ಇದನ್ನ ಹಾಕ್ಕೊಂಡು ರಸ್ತೇಲಿ ಕೂತ್ರೆ ಟ್ಯಾಕ್ಸಿ ಅಂತ ಜನ ಕೈ ಅಡ್ಡ ಹಾಕ್ತಾರೆ ಕಣೋ," ಅಂದಳು ಅಕ್ಕ.

ತಮ್ಮ ನಕ್ಕ. ಮರುದಿನ ಅದನ್ನೇ ಹಾಕಿಕೊಂಡ. ಅದರ ಮರುದಿನವೂ. ಮೂರನೆಯ ದಿನ ಸ್ನಾನಕ್ಕೆ ಕರೆದೊಯ್ದಾಗ ಅಕ್ಕ ಮೆಲ್ಲಗೆ ಅದನ್ನು ಬಕೆಟ್ಟಿಗೆ ಹಾಕಿದಳು. ಒಗೆದಳು, ಬಣ್ಣ ಬಿಡದ ಹಾಗೆ ಉಪ್ಪುನೀರಲ್ಲಿ ನೆನೆಸಿದಳು, ನೆರಳಲ್ಲಿ ಒಣಗಿಸಿದಳು, ಕಾಲರಿಗೆ ಕೆಂಪು ದಾರ ಹಾಕಿ, ಇಸ್ತ್ರಿ ಮಾಡಿ, ಮನೆಯ ಬಟ್ಟೆಗಳ ಅಟ್ಟಿಯಲ್ಲಿಟ್ಟಳು. ಇದಕ್ಕಿಂತ ಹೆಚ್ಚಿನ ಪ್ರೀತಿಯನ್ನು ಒಂದು ಅಂಗಿಗೆ ಯಾರೂ ತೋರಿಸಲಾರರು.

ಭಾವನಿಗೆ ಅವತ್ತು ರಜೆ. ಅವನು ಅಟ್ಟಿಯಲ್ಲಿ ಕೈಗೆ ಸಿಕ್ಕಿದ್ದನ್ನು ತೊಡುವ ಮನುಷ್ಯ. ಇಷ್ಟು ವರ್ಷದಲ್ಲಿ ಹೆಂಡತಿ ಕಲಿಸಿದ್ದೂ ಅದನ್ನೇ. ಹಳದಿ ಅಂಗಿ ತೊಟ್ಟು, ಕನ್ನಡಿಯಲ್ಲಿ ನೋಡಿಕೊಂಡು, ಪರವಾಗಿಲ್ಲ, ನಾನೂ ಟ್ಯಾಕ್ಸಿ ಆದೆ ಎಂದು ನಗುತ್ತಾ ಅಂಗಡಿಗೆ ಬಂದ.

ತಮ್ಮ ಅವನನ್ನು ನೋಡಿದ. ನೋಡಿ, ಮುಖವನ್ನು ಬೀದಿಯ ಕಡೆ ತಿರುಗಿಸಿಕೊಂಡ. ಮಧ್ಯಾಹ್ನದ ಊಟಕ್ಕೆ ಬಾಯಿ ತೆರೆಯಲಿಲ್ಲ. ಸಂಜೆಗೂ ಇಲ್ಲ. ಭಾವ ಪೆಚ್ಚಾಗಿ ಅಂಗಿ ಬಿಚ್ಚಿ ಮಂಚದ ಮೇಲಿಟ್ಟ, ತಪ್ಪಾಯ್ತಪ್ಪಾ ಎಂದು ಕಿವಿ ಹಿಡಿದುಕೊಂಡ. ತಮ್ಮ ಅದನ್ನು ಮುಟ್ಟಲೂ ಇಲ್ಲ.

ಅಕ್ಕನಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಒಂದು ಅಂಗಿಗೆ ಇಷ್ಟೊಂದು ಮುನಿಸಾ, ಅವರೇನು ಹೊರಗಿನವರಾ, ಇಲ್ಲಿ ಎಲ್ಲ ಎಲ್ಲರದೂ ಅಲ್ಲವಾ ಎಂದು ತಟ್ಟೆ ಹಿಡಿದುಕೊಂಡೇ ಗೊಣಗಿದಳು. ಕೊನೆಗೆ ಏನು ಬೇಕು ಹೇಳು ಎಂದು ಕೇಳಿದಾಗ ಅವನು ಬಹಳ ಹೊತ್ತು ಪ್ರಯತ್ನಪಟ್ಟು ಒಂದೇ ಮಾತು ಹೇಳಿದ.

"ಗಂಟೆ."

ಗಂಟೆ ಅಂದರೆ ಕೇಂದ್ರದಲ್ಲಿ ಅವನ ಪಕ್ಕದ ಹಾಸಿಗೆಯವನು. ಹಸುಗೂಸಾಗಿದ್ದಾಗ ಅವನನ್ನು ಯಾರೋ ತಂದು ಅಲ್ಲಿ ಬಿಟ್ಟುಹೋಗಿದ್ದರು. ಬುದ್ಧಿ ನಿಧಾನ, ದೇಹ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಏಳುವುದಕ್ಕೆ, ಸ್ನಾನಕ್ಕೆ, ಊಟಕ್ಕೆ, ದೀಪ ಆರಿಸುವುದಕ್ಕೆ, ಎಲ್ಲಕ್ಕೂ ಅಲ್ಲಿ ಗಂಟೆ. ಆ ಗಂಟೆ ಹೊಡೆಯುವ ಕೆಲಸ ಇವನದು. ಅದರಿಂದ ಆ ಹೆಸರು. ತಮ್ಮನ ಮಾತು ಅರ್ಥವಾಗದೆ ಸಿಬ್ಬಂದಿ ಕೈಚೆಲ್ಲಿದಾಗ ಇವನನ್ನೇ ಕರೆಯುತ್ತಿದ್ದರು. ಭೇಟಿ ಕೋಣೆಯ ಬಾಗಿಲ ಸಂದಿಯಲ್ಲಿ ಇಣುಕಿ, ಅಕ್ಕ ಬಂದ್ಲು, ಅಕ್ಕ ಬಂದ್ಲು ಎಂದು ಕೂಗಿ ಓಡುವ ಅವನನ್ನು ಅಕ್ಕ ಎಷ್ಟೋ ವರ್ಷಗಳಿಂದ ನೋಡಿದ್ದಳು. ಅವನೂ ಯಾರದೋ ತಮ್ಮ ಎಂದು ಯಾವತ್ತೂ ಯೋಚಿಸಿರಲಿಲ್ಲ.

ಭಾನುವಾರ ಅಕ್ಕ ತಮ್ಮ ಇಬ್ಬರೂ ಕೇಂದ್ರಕ್ಕೆ ಹೋದರು. ಈ ಸಲ ತಮ್ಮ ಭೇಟಿಗೆ ಬಂದವನು. ಕಾವಲುಗಾರ ನಗುತ್ತಾ ಸಲಾಮು ಹೊಡೆದ, ಗಂಟೆ ಒಗೆಯುವ ಮನೆಯಲ್ಲಿದ್ದಾನೆ, ನೀವೇ ಹೋಗಿ ಅಂದ. ಇಷ್ಟು ವರ್ಷದಲ್ಲಿ ಅಕ್ಕ ಭೇಟಿ ಕೋಣೆ ದಾಟಿ ಒಳಗೆ ಕಾಲಿಟ್ಟಿರಲಿಲ್ಲ. ಬಿಟ್ಟವರೂ ಇರಲಿಲ್ಲ, ಬಿಡಿ ಎಂದು ಅವಳು ಪಟ್ಟು ಹಿಡಿದದ್ದೂ ಇಲ್ಲ. ಉದ್ದನೆಯ ಪಡಸಾಲೆ, ಎರಡೂ ಬದಿಗೆ ಒಂದೇ ಥರದ ಮಂಚ, ಒಂದೇ ಥರದ ಬೂದು ಹೊದಿಕೆ. ಗೋಡೆಗೆ ಒಂದು ಮೊಳೆ ಇಲ್ಲ, ಮೊಳೆಗೆ ಒಂದು ಪಟ ಇಲ್ಲ. ತಮ್ಮ ಒಂದು ಮಂಚದ ಹತ್ತಿರ ಕೈ ಎತ್ತಿದ. ಅದು ಅವನದಾಗಿತ್ತು. ಈಗ ಬೇರೆ ಯಾರೋ ಮಲಗಿದ್ದರು, ಎಲ್ಲ ಹಾಗೆಯೇ ಇತ್ತು.

ಒಗೆಯುವ ಮನೆಯಲ್ಲಿ ಉದ್ದನೆಯ ಮೇಜಿನ ಮೇಲೆ ಒಣಗಿದ ಅಂಗಿಗಳ ಗುಡ್ಡೆ ಬಿದ್ದಿತ್ತು. ಸ್ನಾನ ಮಾಡಿ ಬಂದವರು ಸಾಲಾಗಿ ನಿಂತಿದ್ದರು. ಒಬ್ಬ ಸಿಬ್ಬಂದಿ ಮೇಲಿಂದ ಒಂದೊಂದು ಎತ್ತಿ ಅವರ ಕೈಗೆ ಹಾಕುತ್ತಿದ್ದ. ದೊಡ್ಡವನಿಗೆ ಚಿಕ್ಕದು ಹೋಯಿತು, ಚಿಕ್ಕವನಿಗೆ ದೊಡ್ಡದು. ಕೈಗೆ ಬಂದದ್ದನ್ನು ತೊಟ್ಟು ಮುಂದೆ ಹೋದರು. ಅಕ್ಕನ ಕೈ ಅಭ್ಯಾಸದಿಂದ ತಾನಾಗಿಯೇ ಹೋಗಿ ಒಂದು ಅಂಗಿಯ ಕಾಲರು ತಿರುಗಿಸಿತು. ಗುರುತಿಲ್ಲ. ಇನ್ನೊಂದು ತಿರುಗಿಸಿದಳು. ಇಲ್ಲ. ಮೂರನೆಯದು ಅವಳ ಕೈಗೆ ಪರಿಚಯವಿದ್ದ ಬಟ್ಟೆ. ಅವಳೇ ಕೊಂಡು, ಅವಳೇ ಇಸ್ತ್ರಿ ಮಾಡಿ, ತಮ್ಮನಿಗೆಂದು ತಂದುಕೊಟ್ಟಿದ್ದ ಗೆರೆ ಗೆರೆ ಅಂಗಿ. ಎಷ್ಟು ಜನರ ಮೈ ಸುತ್ತಿ ಬಂದಿತ್ತೋ, ತೋಳು ಎರಡೂ ಹರಿದಿತ್ತು.

"ಏನಕ್ಕಾ ಹುಡುಕ್ತೀಯಾ?" ಹಿಂದೆ ಗಂಟೆ ನಿಂತಿದ್ದ. ಹೊಕ್ಕುಳದವರೆಗೂ ಬಾರದ ಅಂಗಿ ತೊಟ್ಟಿದ್ದ.

"ಇದು ಯಾರ ಅಂಗಿನೋ?" ಅಂದಳು.

ಇದೆಂಥ ಪ್ರಶ್ನೆ ಎಂಬಂತೆ ಅವನು ಮೇಜಿನ ಕಡೆ ನೋಡಿದ. "ಯಾರ್ಗೆ ಸಿಗುತ್ತೋ ಅವರದು. ನಾಳೆ ಬೇರೆಯವರದು."

ಅಕ್ಕ ಆ ಅಂಗಿಯನ್ನು ಮಡಿಚಿದಳು. ಮಡಿಚಿದ್ದನ್ನು ಬಿಚ್ಚಿ ಮತ್ತೆ ಮಡಿಚಿದಳು. ದಿನವೂ ಬೆಳಿಗ್ಗೆ ತಾನು ಪ್ರೀತಿಯಿಂದ ಆರಿಸಿ ಕೊಡುತ್ತಿದ್ದ ಬೇರೆ ಬೇರೆ ಅಂಗಿಗಳೆಲ್ಲ ಅವಳ ಕಣ್ಣ ಮುಂದೆ ಬಂದವು. ಗರಿಗರಿಯಾಗಿದ್ದವು ಅನ್ನುವುದನ್ನು ಬಿಟ್ಟರೆ ಅವಳ ಅಟ್ಟಿಗೂ ಈ ಗುಡ್ಡೆಗೂ ತಮ್ಮನ ಮಟ್ಟಿಗೆ ಏನು ವ್ಯತ್ಯಾಸ? ಅವನ ಕಡೆ ನೋಡುವ ಧೈರ್ಯ ಬರಲಿಲ್ಲ.

ತಮ್ಮ ಅವಳನ್ನು ನೋಡುತ್ತಲೂ ಇರಲಿಲ್ಲ. ಗಂಟೆಯ ತೋಳು ಹಿಡಿದುಕೊಂಡು ಏನೋ ಹೇಳುತ್ತಿದ್ದ, ಗಂಟೆ ಬಗ್ಗಿ ಕಾಯುತ್ತಿದ್ದ. ಅವನಿಗೆ ಕಾಯುವುದು ಗೊತ್ತಿತ್ತು. ಮಾತು ಪೂರ್ತಿ ಬರುವವರೆಗೂ ಅವನು ತುಟಿ ಅಲ್ಲಾಡಿಸಲಿಲ್ಲ, ಮುಂದಿನ ಪದ ಊಹಿಸಿ ತಾನೇ ಹೇಳಲಿಲ್ಲ.

"ಹೊರಗೆ ಬಾ ಅಂತಾನೆ," ಎಂದು ಅಕ್ಕನಿಗೆ ಹೇಳಿ ನಕ್ಕ. ಆಮೇಲೆ ನಗು ನಿಲ್ಲಿಸಿ ತಮ್ಮನನ್ನೇ ಕೇಳಿದ. "ಹೊರಗೆ ನಂಗೆ ಯಾರಿದ್ದಾರೆ?"

ತಮ್ಮ ಕೈಯನ್ನು ಕಷ್ಟಪಟ್ಟು ತನ್ನ ಎದೆಯ ಹತ್ತಿರ ತಂದು ಬಡಿದುಕೊಂಡ.

ಮನೆಗೆ ಬಂದ ಮೇಲೆ ಅಕ್ಕ ಹಳದಿ ಅಂಗಿಯನ್ನು ಅವನ ಮಂಚದ ತಲೆದೆಸೆಯ ಮೊಳೆಗೆ ನೇತುಹಾಕಿದಳು. ಇದನ್ನು ಇನ್ನು ನೀನು ಹೇಳುವವರೆಗೂ ಒಗೆಯುವುದಿಲ್ಲ, ನಾತ ಬಂದರೂ ಸರಿ, ಅಂದಳು. ಅಷ್ಟಕ್ಕೆ ಎಲ್ಲ ಸರಿಹೋಯಿತು ಅಂದುಕೊಂಡಳು. ಸ್ನಾನಕ್ಕೂ ಅವತ್ತಿನಿಂದ ಭಾವನನ್ನು ಕಳಿಸಿದಳು. ಗಂಟೆಯ ಬಗ್ಗೆಯೂ ಯೋಚಿಸಿದಳು. ಪಾಪ, ಅವನನ್ನೂ ಇಲ್ಲಿಗೇ ಕರೆತಂದು ಅಂಗಡಿಯಲ್ಲಿ ಮಲಗಿಸಬಹುದು, ಎಲ್ಲರೂ ಒಟ್ಟಿಗೆ ಇರಬಹುದು ಎಂದು ಗಂಡನ ಹತ್ತಿರ ಹೇಳಿದಳು. ಭಾವ, ಆಗಲಿ, ಬಸ್ಸಲ್ಲಿ ಯಾವತ್ತೂ ಇನ್ನೊಬ್ಬರಿಗೆ ಜಾಗ ಇರುತ್ತೆ ಅಂದ. ಆಮೇಲೆ ಮೆಲ್ಲಗೆ, ಆದರೆ ಭಾವಮೈದನನ್ನು ಒಂದು ಮಾತು ಕೇಳು ಎಂದೂ ಸೇರಿಸಿದ. ಅವನನ್ನು ಕೇಳುವುದೇನಿದೆ ಎಂದು ಅವಳ ನಾಲಗೆ ತುದಿಗೆ ಬಂದಿತ್ತು.

ವಕೀಲೆ ಹೇಳಿದ್ದಂತೆ ಮತ್ತೆ ಬಂದಳು. ಭಾವನ ಇಳಿಜಾರನ್ನು ಊರುಗೋಲಿನಿಂದ ತಟ್ಟಿ ನೋಡಿ ಭೇಷ್ ಅಂದಳು. ಅಂಗಡಿಯ ಸ್ಟೂಲಿನ ಮೇಲೆ ಕೂತು ತಮ್ಮನನ್ನೇ ನೋಡುತ್ತಾ ಅದೇ ಪ್ರಶ್ನೆ ಕೇಳಿದಳು. "ಈಗ ಹೇಳಿ. ನೀವು ಎಲ್ಲಿರೋಕೆ ಇಷ್ಟಪಡ್ತೀರಾ?"

ತಮ್ಮ ಬಾಯಿ ತೆರೆದ. ಗಾಳಿ ಬಂತು.

ಅಕ್ಕನ ನಾಲಗೆಯ ಮೇಲೆ ಉತ್ತರ ಸಿದ್ಧವಾಗಿ ಕುಣಿಯುತ್ತಿತ್ತು. ಅವಳು ಕೆಳತುಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ತಮ್ಮನ ಕತ್ತಿನ ನರ ಬಿಗಿಯಿತು, ತಲೆ ಒಂದು ಕಡೆ ವಾಲಿತು, ಗಂಟಲಿಂದ ಸದ್ದು ಬಂತು, ನಿಂತಿತು, ಮತ್ತೆ ಬಂತು. ಬೇಕರಿಯವನು ಬಟ್ಟೆಗಂಟು ಹಿಡಿದು ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ವಕೀಲೆ ಗಡಿಯಾರ ನೋಡಲಿಲ್ಲ, ಗೋಡೆ ನೋಡಲಿಲ್ಲ, ಅವನನ್ನೇ ನೋಡುತ್ತಿದ್ದಳು. ಒಬ್ಬ ಮನುಷ್ಯ ಒಂದು ಮಾತು ಹೇಳಲು ಇಷ್ಟು ಕಷ್ಟಪಡುತ್ತಾನೆಂದರೆ ಆ ಮಾತು ಅವನಿಗೆ ಎಷ್ಟು ಬೇಕಾಗಿರಬೇಕು ಎಂದು ಅಕ್ಕನಿಗೆ ಅನ್ನಿಸಿದ್ದು ಆಗ, ಮೊದಲ ಸಲ.

"ಅಲ್ಲಿ," ಅಂದ ತಮ್ಮ. ಅವನ ಕೈ ಬೀದಿಯ ಆಚೆಗೆ ಚಾಚಿತ್ತು. "ಗಂಟೆ. ನಾನು. ಇಬ್ಬರೇ."

ಎದುರಿಗೆ ಒಂದು ಮುಚ್ಚಿದ ಅಂಗಡಿ. ಹಿಂದೆ ಯಾರೋ ಗಡಿಯಾರ ರಿಪೇರಿ ಮಾಡುತ್ತಿದ್ದರು. ಈಗ ಬಾಗಿಲಿಗೆ ಬಾಡಿಗೆಗಿದೆ ಎಂಬ ಬೋರ್ಡು. ರಸ್ತೆಯ ಮಟ್ಟದಲ್ಲೇ ಹೊಸಿಲು, ಮೆಟ್ಟಿಲಿಲ್ಲ. ಇಷ್ಟು ದಿನ ಅಂಗಡಿ ಬಾಗಿಲಲ್ಲಿ ಕೂತು ತಮ್ಮ ಬೀದಿ ನೋಡುತ್ತಿದ್ದಾನೆ ಅಂದುಕೊಂಡಿದ್ದಳು ಅಕ್ಕ. ಅವನು ಆ ಬಾಗಿಲು ನೋಡುತ್ತಿದ್ದ.

ವಕೀಲೆ ಹೋದ ಮೇಲೆ ಅಕ್ಕ ಮುಖ ಊದಿಸಿಕೊಂಡು ಇಸ್ತ್ರಿ ಮಾಡಿದಳು. ಮಾಡಿದ್ದನ್ನೇ ಮಾಡಿ ಡಾಕ್ಟರ ಪ್ಯಾಂಟಿಗೆ ಎರಡೆರಡು ಗೆರೆ ಬಂತು. ಕೊನೆಗೆ ತಡೆಯಲಾಗಲಿಲ್ಲ.

"ನಾನೇನು ಕಡಿಮೆ ಮಾಡ್ದೆನೋ ನಿಂಗೆ?"

ತಮ್ಮ ತಲೆಯಾಡಿಸಿದ. ಇಲ್ಲ. ಕಾಯುವಂತೆ ಕೈ ತೋರಿಸಿದ. ಅವಳು ಕಾಯ್ದಳು.

"ಜಾಸ್ತಿ," ಅಂದ.

ಅಕ್ಕನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಒಳಗಿನ ಕೋಣೆಯಲ್ಲಿ ಭಾವ ಪಕ್ಕನೆ ನಕ್ಕು, ನಕ್ಕದ್ದನ್ನು ಕೆಮ್ಮು ಮಾಡಿದ. ಅವಳು ಇಸ್ತ್ರಿ ಬಿಟ್ಟು ತಮ್ಮನ ಮುಂದೆ ನೆಲದ ಮೇಲೆ ಕೂತಳು. ಒಂದೇ ಮನೇಲಿ ಇರೋಣ ಅಂದಿದ್ದೆನಲ್ಲೋ, ಇಷ್ಟು ವರ್ಷ ಆ ಮಾತನ್ನೇ ಹಿಡ್ಕೊಂಡು ಬದುಕಿದ್ದೆನಲ್ಲೋ ಅಂದಳು. ತಮ್ಮ ಅವಳ ಸೆರಗಿನ ತುದಿಯನ್ನು ಬೆರಳಲ್ಲಿ ಹಿಡಿದುಕೊಂಡ. ಬಹಳ ಹೊತ್ತಿನ ಮೇಲೆ ಹೇಳಿದ.

"ಮಾತು ಕೊಟ್ಟಿದ್ದು ನೀನು. ನನ್ನನ್ನ ಯಾರೂ ಕೇಳ್ಲಿಲ್ಲ." ಉಸಿರು ತೆಗೆದುಕೊಂಡು ಮತ್ತೆ ಹೇಳಿದ. "ಅಕ್ಕಾ, ನೀನು ಎದುರುಗಡೇನೇ ಇರ್ತೀಯಲ್ಲ."

ಆಮೇಲೆ ತಾನಾಗಿಯೇ ಬೆರಳು ಬಿಡಿಸಿಕೊಂಡ.

ಅಷ್ಟಕ್ಕೇ ಅವಳ ಹೆದರಿಕೆ ಹೋಯಿತೆಂದಲ್ಲ. ವಕೀಲೆ ಬಂದಾಗೆಲ್ಲ ಅಕ್ಕ ಒಂದೊಂದು ಭಯ ತೆಗೆದು ಮುಂದಿಡುತ್ತಿದ್ದಳು. ಬೆಂಕಿ ಹತ್ತಿಕೊಂಡರೆ? ಕಳ್ಳ ಬಂದರೆ? ಕುರ್ಚಿಯಿಂದ ಬಿದ್ದರೆ? ವಕೀಲೆ ಊರುಗೋಲನ್ನು ಬದಿಗಿಟ್ಟು, "ಹೋದ ವಾರ ನಾನೇ ಬಿದ್ದೆ. ನನ್ನದೇ ಅಡುಗೆಮನೇಲಿ," ಅಂದಳು, ಬಹುಮಾನ ಬಂದದ್ದನ್ನು ಹೇಳುವವಳಂತೆ. ಆಮೇಲೆ ಗಂಭೀರವಾಗಿ ಎಲ್ಲ ವಿವರಿಸಿದಳು. ಗಂಟೆಯವರನ್ನೂ ಕೇಳಿದ್ದೇನೆ, ಅವರೂ ಬರುತ್ತೇನೆ ಅಂದಿದ್ದಾರೆ. ಕೇಂದ್ರದಲ್ಲಿ ಇವರಿಬ್ಬರಿಗೆ ಸರ್ಕಾರ ಮಾಡುತ್ತಿದ್ದ ಖರ್ಚು ಈಗ ಇಲ್ಲಿನ ಬಾಡಿಗೆಗೂ ಸಹಾಯಕನಿಗೂ ಬರುತ್ತದೆ. ಬೆಳಿಗ್ಗೆ ಸಂಜೆ ಬರುವ ಆ ಸಹಾಯಕ ಯಾರಾಗಬೇಕೆಂದು ಇವರೇ ನೋಡಿ ಒಪ್ಪಬೇಕು. ಮೊದಲು ಬಂದವನು ತಮ್ಮನ ಕೆನ್ನೆ ಹಿಂಡಿ, ಏನ್ ಮರಿ, ಊಟ ಆಯ್ತಾ ಎಂದು ಕೇಳಿದ. ತಮ್ಮ ಗಾಲಿಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಬಿಟ್ಟ. ಎರಡನೆಯವನು ಕೈ ಕುಲುಕಿ, ಹೇಳಬೇಕಾದ್ದನ್ನು ಹೇಳಿ, ಸುಮ್ಮನೆ ಕೂತು ಕಾಯ್ದ. ಅವನೇ ಕೆಲಸಕ್ಕೆ ನಿಂತ.

ಭಾವ ರಜೆ ಹಾಕಿ ಎದುರಿನ ಮನೆಯ ಗೋಡೆಗೆ ಸುಣ್ಣ ಬಳಿದ. ಗಂಟೆ ಬಂದ ದಿನ ಆ ಗೋಡೆಗೆ ಎಲ್ಲಿ ಮೊಳೆ ಹೊಡೆಯಬೇಕೆಂದು ತಮ್ಮನೇ ಕೈ ತೋರಿಸಿದ, ಗಂಟೆ ಹೊಡೆದ. ಇಬ್ಬರಿಗೂ ಆ ಕೆಲಸ ಎಷ್ಟು ಹಿಡಿಸಿತೆಂದರೆ, ನೇತುಹಾಕಲು ಹಳದಿ ಅಂಗಿಯೊಂದೇ ಇದ್ದರೂ ಗೋಡೆ ತುಂಬ ಮೊಳೆಗಳಾದವು. ಅಕ್ಕ ಪಾತ್ರೆ ತಂದುಕೊಟ್ಟಳು, ಹೊದಿಕೆ ತಂದುಕೊಟ್ಟಳು, ಮರೆತವಳಂತೆ ಮತ್ತೆ ಮತ್ತೆ ರಸ್ತೆ ದಾಟಿದಳು. ಕೊನೆಗೆ, ಇರಲಿ ಅಂತ ಒಂದು ಕೀಲಿಕೈ ನನ್ನ ಹತ್ತಿರ ಕೊಟ್ಟಿರು ಅಂದಳು.

"ತಟ್ಟು," ಅಂದ ತಮ್ಮ. "ತೆಗೀತೀವಿ."

ಮರುದಿನ ಬೆಳಿಗ್ಗೆ ಅಕ್ಕ ಅಂಗಡಿಯ ಬಾಗಿಲು ತೆರೆದವಳೇ ಎದುರು ನೋಡಿದಳು. ಬಾಗಿಲು ಹಾಕಿತ್ತು. ಇಸ್ತ್ರಿ ಕಾಯಿಸಿದಳು, ನೋಡಿದಳು, ಹಾಕಿತ್ತು. ಹಾಲಿನವನು ಬಂದುಹೋದ, ಪೇಪರು ಬಿತ್ತು, ಸ್ಕೂಲಿನ ಮಕ್ಕಳು ದಾಟಿಹೋದರು. ಹಾಕಿಯೇ ಇತ್ತು. ಅವಳ ಎದೆಯಲ್ಲಿ ಒಂದೊಂದೇ ಭಯ ಎದ್ದು ನಿಂತಿತು. ಗ್ಯಾಸು, ಬೆಂಕಿ, ಕುರ್ಚಿಯಿಂದ ಬಿದ್ದವನು ಕೂಗಲಾರದೆ ನೆಲದ ಮೇಲೆ ಮಲಗಿರುವುದು. ಕೈಯಲ್ಲಿದ್ದ ಅಂಗಿ ಬಿಟ್ಟು ರಸ್ತೆ ದಾಟಿದಳು. ತಟ್ಟಲು ಕೈ ಎತ್ತಿದಳು. ಒಳಗಿಂದ ಗೊರಕೆ ಕೇಳಿಸಿತು. ಒಂದಲ್ಲ, ಎರಡು, ಒಂದು ನಿಂತಾಗ ಇನ್ನೊಂದು ಹಿಡಿದುಕೊಳ್ಳುತ್ತಿತ್ತು.

ಎತ್ತಿದ ಕೈ ಇಳಿಸಿದಳು. ವಾಪಸು ಬಂದು ಮೇಜಿನ ಮುಂದೆ ನಿಂತಳು. ಹೊರಟು ನಿಂತಿದ್ದ ಭಾವ ಎಲ್ಲ ನೋಡಿಯೂ ನೋಡದವನಂತೆ, ಟೋಪಿ ಸರಿಮಾಡಿಕೊಂಡು ಕೆಲಸಕ್ಕೆ ಹೋದ.

ಸಹಾಯಕ ಬಂದು ತಟ್ಟಿದಾಗ ಬಿಸಿಲು ಹೊಸಿಲಿಗೆ ಬಂದಿತ್ತು. ಬಾಗಿಲು ತೆರೆದ ಗಂಟೆಯ ಕೂದಲು ನಾಲ್ಕೂ ದಿಕ್ಕಿಗೆ ನಿಂತಿತ್ತು. ರಸ್ತೆಯಾಚೆಯ ಅಕ್ಕನನ್ನು ಕಂಡು ಬೀದಿಗೆಲ್ಲ ಕೇಳುವಂತೆ ವರದಿ ಒಪ್ಪಿಸಿದ: "ಅಕ್ಕಾ, ಇವತ್ತು ಯಾರೂ ಗಂಟೆ ಹೊಡೀಲೇ ಇಲ್ಲ!" ತನ್ನ ಮಾತಿಗೆ ತಾನೇ ಬೆರಗಾಗಿ ನಿಂತ.

ಮಧ್ಯಾಹ್ನ ಅವನು ತಮ್ಮನ ಗಾಲಿಕುರ್ಚಿ ತಳ್ಳಿಕೊಂಡು ರಸ್ತೆ ದಾಟಿ ಬಂದ. ತಮ್ಮ ಬರೀ ಬನಿಯನ್ನಿನಲ್ಲಿದ್ದ. ತೊಡೆಯ ಮೇಲೆ ಒಂದು ಸಣ್ಣ ಗಂಟಿತ್ತು. ಅದರೊಳಗೆ ಎರಡು ಟವೆಲು, ಗಂಟೆಯ ಹೊಸ ನೀಲಿ ಅಂಗಿ, ಹಳದಿ ಅಂಗಿ. ಒಗೆಯಲು ಹೇಳಿದ್ದು ತಮ್ಮನೇ. ಬೇರೆ ಮನೆಯವರು ತಂದುಕೊಡುವ ಹಾಗೆ ಗಂಟನ್ನು ಮೇಜಿನ ಮೇಲಿಟ್ಟ.

ಅಕ್ಕ ಅಭ್ಯಾಸದಂತೆ ಸೂಜಿ ತೆಗೆದುಕೊಂಡಳು. ಸೂಜಿಯಲ್ಲಿ ಕೆಂಪು ದಾರವಿತ್ತು. ಹಳದಿ ಅಂಗಿಯ ಕಾಲರು ತಿರುಗಿಸಿ, ತಾನೇ ಹಾಕಿದ್ದ ಕೆಂಪು ಹೊಲಿಗೆಯನ್ನು ಉಗುರಿನಿಂದ ಎಬ್ಬಿಸಿ ಕಿತ್ತಳು. ಸೂಜಿಯಿಂದಲೂ ಕೆಂಪನ್ನು ಎಳೆದು ತೆಗೆದಳು. ದಾರದ ಡಬ್ಬಿಯನ್ನು ತಮ್ಮನ ಮುಂದೆ ತೆರೆದಿಟ್ಟಳು.

"ಎದುರುಮನೆಗೆ ಯಾವ ಬಣ್ಣ ಹಾಕ್ಲಿ ಹೇಳಿ," ಎಂದು ತಮ್ಮನನ್ನೇ ಕೇಳಿದಳು. ಆ 'ಹೇಳಿ' ತಮಾಷೆಗೆ ಬಂದದ್ದೋ ತಾನಾಗಿ ಬಂದದ್ದೋ ಅವಳಿಗೇ ಗೊತ್ತಾಗಲಿಲ್ಲ. ತಮ್ಮನೂ ಗಂಟೆಯೂ ಡಬ್ಬಿಯ ಮೇಲೆ ತಲೆ ತಲೆ ತಾಗಿಸಿ ಬಗ್ಗಿದರು. ಗಂಟೆಗೆ ಎಲ್ಲ ಬಣ್ಣವೂ ಬೇಕಿತ್ತು. ತಮ್ಮ ಕಿತ್ತಳೆ ದಾರದ ಉಂಡೆಯ ಮೇಲೆ ಬೆರಳಿಟ್ಟ. ಗಂಟೆ ಮುಖ ಸಣ್ಣದು ಮಾಡಿದ್ದು ನೋಡಿ, ಪಕ್ಕದ ನೇರಳೆಯ ಮೇಲೂ ಇಟ್ಟ. ಅಕ್ಕ ಎರಡೂ ಎಳೆಗಳನ್ನು ಹೊಸೆದು ಒಂದೇ ಸೂಜಿಗೆ ಪೋಣಿಸಿ, ನಾಲ್ಕೂ ಬಟ್ಟೆಗೆ ಗುರುತು ಹಾಕಿದಳು.

ಬಟ್ಟೆ ನಾಳಿದ್ದು ಸಿಗುತ್ತದೆ ಅಂದಳು. ಅವರು ರಸ್ತೆ ದಾಟಿ ತಮ್ಮ ಮನೆಗೆ ಹೋದರು. ಸಾಯೋವರೆಗೂ ಒಂದೇ ಮನೆಯಲ್ಲಿರೋಣ ಎಂದು ಅಕ್ಕ ಕೊಟ್ಟಿದ್ದ ಮಾತು ನಡೆಯಲಿಲ್ಲ.